ಕಂಠದಿಂದ ಕ್ಲಾರಿಯೋನೆಟ್‌ಗೆ: ಗದಗ ಸೀಮೆಯ ಸಂಗೀತ ಪಾಠಪರಂಪರೆ ಮತ್ತು ಪಂಡಿತ ನರಸಿಂಹಲು ವಡವಾಟಿ

1. ಪೀಠಿಕೆ

ಉತ್ತರ ಕರ್ನಾಟಕದ ಹಿಂದುಸ್ತಾನಿ ಸಂಗೀತದ ಇತಿಹಾಸವನ್ನು ನಾವು ಬಹುಮಟ್ಟಿಗೆ ಗಾಯಕರ ಇತಿಹಾಸವಾಗಿಯೇ ಬರೆದುಕೊಂಡು ಬಂದಿದ್ದೇವೆ. ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು, ಭೀಮಸೇನ ಜೋಶಿ ಮೊದಲಾದವರ ಹೆಸರುಗಳು ಈ ಇತಿಹಾಸದ ಮೈಲಿಗಲ್ಲುಗಳಾಗಿವೆ. ಇದು ಸಹಜವೇ ಆಗಿದೆ. ಆದರೆ ಇದೇ ನೆಲದಲ್ಲಿ ಮದುವೆಯ ಮೆರವಣಿಗೆ, ಜಾತ್ರೆಯ ತೇರು, ನಾಟಕದ ಹಿಮ್ಮೇಳ ಮುಂತಾದೆಡೆಗಳಲ್ಲಿ ಉಸಿರು ಕಟ್ಟಿ ನುಡಿಸಿದ ಸುಷಿರವಾದ್ಯಗಾರರ ಪರಂಪರೆಯೊಂದಿದೆ. ಅವರನ್ನು ಊರು ಕೇಳಿತು. ಆದರೆ ಇತಿಹಾಸ ಅವರನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಅವರಲ್ಲೂ ಕ್ಲಾರಿಯೋನೆಟ್ ವಾದಕರ ಸ್ಥಿತಿ ಇನ್ನಷ್ಟು ವಿಚಿತ್ರವಾದುದು. ಸನಾದಿಗೆ ಮಂಗಳವಾದ್ಯವೆಂಬ ಗೌರವವಾದರೂ ಇತ್ತು. ಕ್ಲಾರಿಯೋನೆಟ್ ಮಾತ್ರ ಪರದೇಶದಿಂದ ಬಂದ ಬ್ಯಾಂಡಿನ ವಾದ್ಯವೆಂದೇ ಪರಿಗಣಿತವಾಗಿತ್ತು.

ಇಂತಹ ವಾದ್ಯವೊಂದು ಖ್ಯಾಲ್ ಗಾಯನದ ವಿಲಂಬಿತ ಆಲಾಪವನ್ನು ಹೊರಬಲ್ಲ ಕಛೇರಿ ವಾದ್ಯವಾಗಿ ಕರ್ನಾಟಕದಲ್ಲಿ ಬೆಳೆದುನಿಂತಿತು. ಈ ಬೆಳವಣಿಗೆಯ ಮುಖ್ಯ ಪ್ರತಿನಿಧಿ ರಾಯಚೂರಿನ ಪಂಡಿತ ನರಸಿಂಹಲು ವಡವಾಟಿ ಅವರು. ಕ್ಲಾರಿಯೋನೆಟ್ ವಾದಕರಾಗಿ, ಸಂಗೀತ ಗುರುಗಳಾಗಿ ಅವರು ನಡೆದುಬಂದ ದಾರಿಯ ಮೂಲವನ್ನು ಹುಡುಕುತ್ತ ಹೋದರೆ ನಾವು ತಲುಪುವುದು ಗದಗಕ್ಕೆ. ವಡವಾಟಿಯವರ ಗುರುಗಳು ಪಂಡಿತ ಸಿದ್ಧರಾಮ ಜಂಬಲದಿನ್ನಿ. ಜಂಬಲದಿನ್ನಿಯವರ ಗುರುಗಳು ಗಾನಯೋಗಿ ಪಂಚಾಕ್ಷರ ಗವಾಯಿಗಳು. ಈ ಗುರುಪರಂಪರೆಯಲ್ಲಿ ವಾದ್ಯ ಬಂದದ್ದು ಕೊನೆಯಲ್ಲಿ. ಅದಕ್ಕೂ ಹಿಂದೆ ಇದ್ದದ್ದು ಕಂಠ. ಕಂಠದ ಪಾಠವು ವಾದ್ಯಕ್ಕೆ ಹೇಗೆ ಸಾಧ್ಯವಾಯಿತು, ಅದಕ್ಕೆ ಗದಗ ಸೀಮೆಯ ಬೋಧನಕ್ರಮ ಹೇಗೆ ನೆರವಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಸೀಮೆಯ ಸ್ವರೂಪ

ಇಂದಿನ ಗದಗ ಜಿಲ್ಲೆ ಅಸ್ತಿತ್ವಕ್ಕೆ ಬಂದುದು 1997ರಲ್ಲಿ. ಅದಕ್ಕೂ ಮೊದಲು ಇದು ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಆದರೆ ಸಂಗೀತದ ಇತಿಹಾಸವನ್ನು ಅರಿಯಲು ಇನ್ನೂ ಹಿಂದಿನ ರಾಜಕೀಯ ನಕ್ಷೆಯನ್ನು ನೋಡಬೇಕಾಗುತ್ತದೆ. ಬ್ರಿಟಿಷರ ಕಾಲದಲ್ಲಿ ಗದಗ-ಬೆಟಗೇರಿ ಮತ್ತು ಮುಂಡರಗಿ ಪ್ರದೇಶಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಒಳಪಟ್ಟಿದ್ದವು. ಮುಂಡರಗಿಯ ಪೂರ್ವಕ್ಕೆ ನಿಜಾಮರ ಆಳ್ವಿಕೆಯ ಕೊಪ್ಪಳ ಸೀಮೆ, ದಕ್ಷಿಣಕ್ಕೆ ತುಂಗಭದ್ರೆಯಾಚೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಒಂದು ದಿನದ ಬಂಡಿಯ ಪಯಣದಲ್ಲಿ ಎರಡು ಮೂರು ಆಡಳಿತಗಳ ಗಡಿಯನ್ನು ದಾಟಬಹುದಾಗಿದ್ದ ಪ್ರದೇಶವಿದು.

ಈ ಗಡಿಗಳು ಕಲಾವಿದರಿಗೆ ಅಡ್ಡಿಯಾಗುವುದಕ್ಕಿಂತ ಹೆಚ್ಚಾಗಿ ದಾರಿಗಳಾದವು. ಲಕ್ಷ್ಮೇಶ್ವರ, ಶಿರಹಟ್ಟಿಗಳಿಗೆ ಸಂಸ್ಥಾನಗಳ ಮೂಲಕ ಕೃಷ್ಣಾ ತೀರದ ಮಿರಜ-ಸಾಂಗಲಿಗಳೊಡನೆ ಆಡಳಿತದ ನಂಟಿತ್ತು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು (1872-1937) ನೆಲೆಸಿದುದು ಮಿರಜದಲ್ಲಿ. ತಂಬೂರಿ, ಸಿತಾರಗಳ ತಯಾರಿಕೆಗೆ ಹೆಸರಾದುದೂ ಅದೇ ಊರು. ಮರಾಠಿ ನಾಟಕದ ಮೊದಲ ಪ್ರಯೋಗವನ್ನು 1843ರಲ್ಲಿ ವಿಷ್ಣುದಾಸ ಭಾವೆಯವರು ನಡೆಸಿದುದು ಸಾಂಗಲಿಯಲ್ಲಿ. ಆ ರಂಗಭೂಮಿಯ ಪ್ರಭಾವಕ್ಕೆ ಕನ್ನಡದ ಉತ್ತರವಾಗಿ ಗದಗದಲ್ಲಿ ಶಾಂತಕವಿಗಳು ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು. ಮುಂದೆ ಶಿರಹಟ್ಟಿ ವೆಂಕೋಬರಾಯರ ಮಹಾಲಕ್ಷ್ಮೀ ಪ್ರಾಸಾದಿಕ ನಾಟಕ ಮಂಡಳಿ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಗಳು ಈ ಸೀಮೆಯ ಹೆಸರನ್ನು ದೂರದೂರಕ್ಕೆ ಒಯ್ದವು.

ಗದಗದ ವೀರನಾರಾಯಣ ದೇವಾಲಯವು ಕುಮಾರವ್ಯಾಸನ ನೆನಪಿನೊಡನೆ ಹೆಣೆದುಕೊಂಡಿದೆ. ಲಕ್ಷ್ಮೇಶ್ವರವು ಪ್ರಾಚೀನ ಪುಲಿಗೆರೆ; ಆದಿಕವಿ ಪಂಪನು ತನ್ನ ಕಾವ್ಯಭಾಷೆಗೆ ಆಧಾರವೆಂದು ಹೇಳಿಕೊಂಡ ಕನ್ನಡದ ನೆಲೆ. ಶಿರಹಟ್ಟಿಯ ಫಕೀರೇಶ್ವರ ಮಠವು ಹಿಂದೂ-ಮುಸ್ಲಿಂ ಸಾಮರಸ್ಯದ ಕೇಂದ್ರವಾಗಿ ಪ್ರಸಿದ್ಧವಾಗಿದ್ದರೆ, ಮುಂಡರಗಿಯಲ್ಲಿ ಅನ್ನದಾನೀಶ್ವರ ಮಠವಿದೆ. ಮಠ, ದೇವಾಲಯ, ದರ್ಗಾಗಳ ವಾರ್ಷಿಕ ಉತ್ಸವಗಳು ವಾದ್ಯಗಾರರಿಗೆ ಕೆಲಸ ಕೊಟ್ಟವು. 1880ರ ದಶಕದಲ್ಲಿ ರೈಲುಮಾರ್ಗವು ಬಂದ ಮೇಲೆ ಗದಗವು ಹತ್ತಿಯ ವ್ಯಾಪಾರದ ದೊಡ್ಡ ಪೇಟೆಯಾಯಿತು. ನೇಕಾರಿಕೆಗೆ ಹೆಸರಾದ ಬೆಟಗೇರಿ ಅದಕ್ಕೆ ಹೊಂದಿಕೊಂಡೇ ಇತ್ತು. ನಾಟಕ ಕಂಪನಿಗಳಿಗೆ ಪ್ರೇಕ್ಷಕರೂ ಸಂಗೀತಗಾರರಿಗೆ ಆಶ್ರಯದಾತರೂ ದೊರೆಯಲು ಈ ವ್ಯಾಪಾರದ ಹಣವೂ ಒಂದು ಕಾರಣವಾಯಿತೆಂಬುದನ್ನು ಮರೆಯುವಂತಿಲ್ಲ.

3. ಬೀದಿಯ ವಾದ್ಯ

ಕ್ಲಾರಿಯೋನೆಟ್ ವಾದ್ಯವು ಸುಮಾರು 1700ರ ಹೊತ್ತಿಗೆ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಯೋಹಾನ್ ಕ್ರಿಸ್ಟಾಫ್ ಡೆನ್ನರ್ ಎಂಬ ವಾದ್ಯ ತಯಾರಕನ ಕೈಯಲ್ಲಿ ರೂಪುಗೊಂಡಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. 19ನೆಯ ಶತಮಾನದಲ್ಲಿ ಅದರ ಕೀಲಿಗಳ ಸಂಖ್ಯೆ ಹೆಚ್ಚಿ, ರಚನೆ ಸುಧಾರಿಸಿತು. ಬ್ರಿಟಿಷ್ ಸೇನೆಯ ಬ್ಯಾಂಡುಗಳ ಮೂಲಕ ಭಾರತಕ್ಕೆ ಬಂದ ಅದು ಕಂಟೋನ್ಮೆಂಟುಗಳಿಂದ ಸಂಸ್ಥಾನಗಳ ಅರಮನೆಗಳಿಗೂ, ಅಲ್ಲಿಂದ ಮದುವೆಯ ಬ್ಯಾಂಡುಗಳಿಗೂ ಹರಡಿತು. ತಂಜಾವೂರಿನಲ್ಲಿ 19ನೆಯ ಶತಮಾನದಲ್ಲಿಯೇ ಮಹಾದೇವ ನಟ್ಟುವನಾರರು ಇದನ್ನು ನೃತ್ಯದ ಹಿಮ್ಮೇಳಕ್ಕೆ ಅಳವಡಿಸಿಕೊಂಡರು. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡಿನ ಜೊತೆಗೆ ಕರ್ನಾಟಕ ಸಂಗೀತವನ್ನು ನುಡಿಸುವ ಬ್ಯಾಂಡೂ ಇತ್ತು.

ಉತ್ತರ ಕರ್ನಾಟಕದ ಊರುಗಳಲ್ಲಿ ಬ್ಯಾಂಡು ಎಂಬುದು ಸಂಗೀತ ಶ್ರವಣದ ಮೊದಲ ಪಾಠಶಾಲೆಯೂ ಆಗಿತ್ತು. ಗದಗದಲ್ಲಿ ಬಾಲ್ಯ ಕಳೆದ ಭೀಮಸೇನ ಜೋಶಿಯವರ (1922-2011) ಜೀವನದ ಪ್ರಸಿದ್ಧ ಪ್ರಸಂಗವೊಂದು ಇದಕ್ಕೆ ಸಾಕ್ಷಿಯಾಗಿದೆ. ಮೆರವಣಿಗೆಯ ಬ್ಯಾಂಡಿನ ಬೆನ್ನು ಹತ್ತಿ ಹೋಗುತ್ತಿದ್ದ ಬಾಲಕನು ದಣಿದು ಎಲ್ಲೆಂದರಲ್ಲಿ ನಿದ್ದೆಹೋಗುತ್ತಿದ್ದನು. ಹುಡುಕಿ ಹುಡುಕಿ ಬೇಸತ್ತ ತಂದೆ ಗುರುರಾಜಾಚಾರ್ಯರು ಅವನ ಅಂಗಿಯ ಮೇಲೆ 'ಜೋಶಿಯವರ ಮಗ' ಎಂದು ಬರೆದುಬಿಟ್ಟರಂತೆ. ಕಂಡವರು ಮನೆಗೆ ತಲುಪಿಸುತ್ತಿದ್ದರಂತೆ. ಮಹಾನ್ ಗಾಯಕನ ಬಾಲಲೀಲೆಯೆಂದು ಈ ಪ್ರಸಂಗವನ್ನು ಹೇಳುವವರುಂಟು. ಆದರೆ ಆ ಬಾಲಕನನ್ನು ಮನೆಯಿಂದ ಹೊರಗೆಳೆದ ವಾದ್ಯಗಾರರು ಯಾರು, ಅವರು ಏನನ್ನು ನುಡಿಸುತ್ತಿದ್ದರು ಎಂಬ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ. ಬೀದಿಯ ವಾದಕರನ್ನು ನಮ್ಮ ಇತಿಹಾಸವು ಕಂಡ ರೀತಿಗೆ ಇದೊಂದು ನಿದರ್ಶನ.

ಬೀದಿಯಿಂದ ಕಛೇರಿಯ ವೇದಿಕೆಗೆ ಬರಲು ಕ್ಲಾರಿಯೋನೆಟ್ಟಿಗೆ ಸಾಮಾಜಿಕ ತೊಡಕಿನ ಜೊತೆಗೆ ತಾಂತ್ರಿಕ ತೊಡಕೂ ಇತ್ತು. ಸನಾದಿ, ಕೊಳಲುಗಳಲ್ಲಿ ಉಸಿರಿನ ಒತ್ತಡವನ್ನು ಹೆಚ್ಚಿಸಿದರೆ ಅದೇ ಸ್ವರವು ಮೇಲಿನ ಸಪ್ತಕದಲ್ಲಿ ನುಡಿಯುತ್ತದೆ. ಆದ್ದರಿಂದ ಎರಡು ಸಪ್ತಕಗಳಲ್ಲಿ ಬೆರಳುಗಳ ವಿನ್ಯಾಸವು ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಕ್ಲಾರಿಯೋನೆಟ್ಟಿನ ಕೊಳವೆಯು ಉದ್ದಕ್ಕೂ ಸಮಾನ ವ್ಯಾಸದ್ದು. ಒಂದೇ ನಾಲಿಗೆಯ ರೀಡಿನಿಂದ ಕಂಪಿಸುವಂಥದು. ಇಂತಹ ಕೊಳವೆಯಲ್ಲಿ ಒತ್ತಡ ಹೆಚ್ಚಿಸಿ ಮೇಲಿನ ಸ್ಥಾಯಿಗೆ ಹೋದಾಗ ಸ್ವರವು ಒಂದು ಸಪ್ತಕವನ್ನಲ್ಲ, ಒಂದು ಸಪ್ತಕ ಮತ್ತು ಒಂದು ಪಂಚಮದಷ್ಟು ಅಂತರವನ್ನು ಜಿಗಿಯುತ್ತದೆ. ಮಂದ್ರದಲ್ಲಿ ಷಡ್ಜವನ್ನು ನೀಡಿದ ಬೆರಳಿನ ವಿನ್ಯಾಸವು ಮೇಲಿನ ಸ್ಥಾಯಿಯಲ್ಲಿ ಪಂಚಮವನ್ನು ನೀಡುತ್ತದೆ. ಅಂದರೆ ಒಂದೇ ರಾಗದ ಒಂದೇ ಸಂಚಾರಕ್ಕೆ ಮಂದ್ರದಲ್ಲಿ ಒಂದು ಬೆರಳಚ್ಚು, ತಾರದಲ್ಲಿ ಇನ್ನೊಂದು ಬೆರಳಚ್ಚು. ಎರಡು ಸ್ಥಾಯಿಗಳು ಕೂಡುವ ಎಡೆಯಲ್ಲಿ ನಾದದ ಬಣ್ಣವೂ ಬದಲಾಗುತ್ತದೆ. ಅದನ್ನು ಸಮಗೊಳಿಸುವುದು ಕಠಿಣ ಸಾಧನೆಯ ಫಲ.

ಇದರ ಜೊತೆಗೆ ಕೀಲಿಗಳ ಸಮಸ್ಯೆಯಿದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು ಹಿಂದುಸ್ತಾನಿ ಸಂಗೀತದ ಜೀವಾಳ. ಬರಿಯ ರಂಧ್ರದ ಮೇಲೆ ಬೆರಳನ್ನು ಮೆಲ್ಲನೆ ಸರಿಸಿ ಮೀಂಡನ್ನು ತೆಗೆಯಬಹುದು. ತೆರೆ ಇಲ್ಲವೆ ಮುಚ್ಚು ಎಂಬ ಎರಡೇ ಸ್ಥಿತಿಗಳಿಗಾಗಿ ಮಾಡಿದ ಲೋಹದ ಕೀಲಿಯಿಂದ ಅದು ಸುಲಭವಲ್ಲ. ಅಲ್ಲಿ ತುಟಿಯ ಹಿಡಿತ, ಬಾಯೊಳಗಿನ ಅವಕಾಶ ಮತ್ತು ಉಸಿರಿನ ಒತ್ತಡಗಳಿಂದಲೇ ಸ್ವರವನ್ನು ಬಾಗಿಸಬೇಕಾಗುತ್ತದೆ. ಪಾಶ್ಚಾತ್ಯ ಸ್ವರಾಂತರಗಳಿಗೆ ಹೊಂದಿಸಿದ ರಂಧ್ರಗಳಿಂದ ರಾಗಕ್ಕೆ ತಕ್ಕ ಶ್ರುತಿಯನ್ನು ಪಡೆಯುವುದೂ ತುಟಿಯ ಕೆಲಸವೇ.

ಈ ಎಲ್ಲ ಸಂಗತಿಗಳಿಂದ ಒಂದು ಮಹತ್ವದ ತೀರ್ಮಾನ ಹೊರಡುತ್ತದೆ. ಕ್ಲಾರಿಯೋನೆಟ್ಟಿನಲ್ಲಿ ರಾಗವನ್ನು ಬೆರಳಿನಿಂದ ಕಲಿಯಲಾಗದು. ಬೆರಳಿನ ಲೆಕ್ಕವು ಸ್ಥಾಯಿಯಿಂದ ಸ್ಥಾಯಿಗೆ ಬದಲಾಗುತ್ತದೆ. ಕಿವಿಯಲ್ಲಿ ಮತ್ತು ಕಂಠದಲ್ಲಿ ನೆಲೆಗೊಂಡ ಸ್ವರಜ್ಞಾನ ಮಾತ್ರ ಬದಲಾಗದೆ ಉಳಿಯುತ್ತದೆ. ಆದ್ದರಿಂದ ಈ ವಾದ್ಯದಲ್ಲಿ ಖ್ಯಾಲನ್ನು ನುಡಿಸಬೇಕೆನ್ನುವವನಿಗೆ ವಾದಕ ಗುರುವಿನಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ಗಾಯಕ ಗುರುವಿನ ಅಗತ್ಯವಿದೆ. ಅಂತಹ ಗಾಯಕ ಗುರುಗಳನ್ನು ಸಿದ್ಧಪಡಿಸಿದ ನೆಲೆ ಗದಗ.

4. ಸಂಚಾರಿ ಪಾಠಶಾಲೆ

ಪಂಚಾಕ್ಷರ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಪೂರ್ವಾಶ್ರಮದ ಹೆಸರು ಗದಿಗೆಯ್ಯ, ಹುಟ್ಟು ಕುರುಡರು. ಅಣ್ಣ ಗುರುಬಸಯ್ಯನವರೂ ಅಂಧರಾಗಿದ್ದರು. ಈ ಬಾಲಕರ ಕಂಠಮಾಧುರ್ಯವನ್ನು ಗುರುತಿಸಿ ಆಶ್ರಯವಿತ್ತವರು ಹಾನಗಲ್ಲ ಕುಮಾರಸ್ವಾಮಿಗಳು. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಈ ಸ್ವಾಮಿಗಳು ವಿದ್ಯಾಪ್ರಸಾರದ ಭಾಗವಾಗಿಯೇ ಸಂಗೀತವನ್ನೂ ಕಂಡರು. ಗವಾಯಿಗಳು ಮೈಸೂರಿನಲ್ಲಿ ಕರ್ನಾಟಕ ಪದ್ಧತಿಯನ್ನು ಅಭ್ಯಾಸ ಮಾಡಿದರು. ಹಿಂದುಸ್ತಾನಿ ಪದ್ಧತಿಯಲ್ಲಿ ನೀಲಕಂಠಬುವಾ ಮಿರಜಕರ ಹಾಗೂ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದ ಶಿಕ್ಷಣ ಪಡೆದರು. ಹೀಗಾಗಿ ಎರಡೂ ಪದ್ಧತಿಗಳ ಮೇಲೆ ಅವರಿಗೆ ಪ್ರಭುತ್ವವಿತ್ತು.

ಗವಾಯಿಗಳು ತಾವು ಕಲಿತುದನ್ನು ಕಛೇರಿಗೆ ಮೀಸಲಿಡಲಿಲ್ಲ. ಅಂಧರು, ಅನಾಥರು, ಬಡವರ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಪಾಠಶಾಲೆಗೆ ಕಟ್ಟಡವಿರಲಿಲ್ಲ, ಗುರುವಿದ್ದಲ್ಲೇ ಶಾಲೆ. ಭಕ್ತರು ನೀಡಿದ ಕಾಳುಕಡಿ, ಮಠಗಳ ದಾಸೋಹ, ಜೋಳಿಗೆಗೆ ಬಿದ್ದ ಕಾಸು ಇವೇ ಅದರ ಆದಾಯ. ಕಡೆಗೆ ಗದಗದ ಬಸರಿಗಿಡದ ವೀರಪ್ಪನವರು ಸ್ಥಳವನ್ನು ಒದಗಿಸಿದಾಗ ಶಾಲೆಗೊಂದು ನೆಲೆ ಸಿಕ್ಕಿತು. ಅದೇ ಮುಂದೆ ವೀರೇಶ್ವರ ಪುಣ್ಯಾಶ್ರಮವೆಂದು ನಾಡಿಗೆ ಪರಿಚಿತವಾಯಿತು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಹೊಣೆ ಅವರ ಪ್ರಿಯ ಶಿಷ್ಯ ಪುಟ್ಟರಾಜ ಗವಾಯಿಗಳಿಗೆ (1914-2010) ಬಂದಿತು. ಇವರೂ ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಅನೇಕ ವಾದ್ಯಗಳಲ್ಲಿ ಪರಿಣತರು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥರಚನೆ ಮಾಡಿದವರು. 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು.

ಇಲ್ಲಿ ನಾಟಕದ ಪಾತ್ರವನ್ನು ಪ್ರತ್ಯೇಕವಾಗಿ ಹೇಳಬೇಕು. ಹಾನಗಲ್ಲ ಕುಮಾರಸ್ವಾಮಿಗಳ ಹೆಸರಿನಲ್ಲಿ ನಡೆದ ನಾಟಕ ಕಂಪನಿಯು ಆಶ್ರಮದ ವಿದ್ಯಾರ್ಥಿಗಳ ಹೊಟ್ಟೆಗೆ ಹಿಟ್ಟು ಒದಗಿಸುವ ಸಾಧನವಾಯಿತು. ಪುಟ್ಟರಾಜ ಗವಾಯಿಗಳು ನಾಟಕಗಳನ್ನು ಸ್ವತಃ ರಚಿಸಿದರು. ನಾಟಕದಿಂದ ಬಂದ ಹಣ ಪಾಠಕ್ಕೆ, ಪಾಠದಲ್ಲಿ ಬೆಳೆದ ವಿದ್ಯಾರ್ಥಿ ನಾಟಕಕ್ಕೆ ಎಂಬ ಈ ಕೊಡುಕೊಳೆಯಿಲ್ಲದೆ ಶುಲ್ಕವಿಲ್ಲದ ಶಾಲೆಯೊಂದು ದಶಕಗಳ ಕಾಲ ನಡೆಯುವುದು ಸಾಧ್ಯವಿರಲಿಲ್ಲ. ವೃತ್ತಿರಂಗಭೂಮಿಯು ಶಾಸ್ತ್ರೀಯ ಸಂಗೀತವನ್ನು ಹಗುರಗೊಳಿಸಿತೆಂಬ ಆಕ್ಷೇಪವು ಆಗಾಗ ಕೇಳಿಬರುತ್ತದೆ. ಗದಗದ ಮಟ್ಟಿಗಂತೂ ಅದು ಶಾಸ್ತ್ರೀಯ ಶಿಕ್ಷಣವನ್ನು ಸಾಕಿತು ಎಂಬುದೇ ಸತ್ಯಕ್ಕೆ ಹತ್ತಿರವಾದ ಮಾತು.

5. ಬೋಧನಕ್ರಮದ ಲಕ್ಷಣಗಳು

ಈ ಪಾಠಪರಂಪರೆಯ ಮೂರು ಲಕ್ಷಣಗಳು ನಮ್ಮ ವಿಷಯಕ್ಕೆ ಮುಖ್ಯವಾಗಿವೆ.

ಮೊದಲನೆಯದು, ಪಾಠದ ಸಂಪೂರ್ಣ ಶ್ರವಣನಿಷ್ಠೆ. ಗುರುವೂ ಅಂಧ, ಶಿಷ್ಯರಲ್ಲಿ ಹಲವರೂ ಅಂಧರು. ಬರೆದ ಸ್ವರಲಿಪಿಯಾಗಲಿ, ಗುರುವಿನ ಕೈಚಲನೆಯನ್ನು ನೋಡಿ ಅನುಸರಿಸುವುದಾಗಲಿ ಇಲ್ಲಿ ಪ್ರಧಾನವಾಗುವಂತಿರಲಿಲ್ಲ. ಗುರು ಹಾಡಿದ್ದನ್ನು ಶಿಷ್ಯನು ಕೇಳಿ, ಹಾಡಿ ಒಪ್ಪಿಸಬೇಕು. ತಪ್ಪಿದರೆ ಮತ್ತೆ ಕೇಳಬೇಕು. ವಾದ್ಯದ ಪಾಠವೂ ಇದೇ ದಾರಿಯಲ್ಲಿ ಸಾಗಬೇಕಾದುದು ಅನಿವಾರ್ಯ. ಕೊರತೆಯೆಂದು ಕಾಣಬಹುದಾದ ಸ್ಥಿತಿಯು ಹೀಗೆ ಕಟ್ಟುನಿಟ್ಟಾದ ಬೋಧನಕ್ರಮವಾಗಿ ಪರಿಣಮಿಸಿತು. ಬೆರಳಿನ ಲೆಕ್ಕ ಕೈಕೊಡುವ ಕ್ಲಾರಿಯೋನೆಟ್‌ನಂತಹ ವಾದ್ಯಕ್ಕೆ ಇದಕ್ಕಿಂತ ತಕ್ಕ ಶಿಕ್ಷಣ ಇನ್ನೊಂದಿಲ್ಲ.

ಎರಡನೆಯದು, ಗಾಯನ ಮತ್ತು ವಾದನಗಳ ನಡುವೆ ಗೋಡೆಯಿಲ್ಲದಿರುವುದು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವ ನಡೆದಾಗ ಬಸವರಾಜ ರಾಜಗುರುಗಳು ತಮ್ಮ ಮೊದಲ ದೊಡ್ಡ ಕಛೇರಿಯನ್ನು ನೀಡಿದರು. ಅವರಿಗೆ ತಬಲಾ ಸಾಥ್ ನೀಡಿದವರು ಸ್ವತಃ ಗುರು ಪಂಚಾಕ್ಷರ ಗವಾಯಿಗಳು. ಶಿಷ್ಯನ ಗಾಯನಕ್ಕೆ ಗುರುವೇ ತಬಲಾ ನುಡಿಸುವ ಈ ಔದಾರ್ಯದಲ್ಲಿ ಒಂದು ಸಂಗೀತದೃಷ್ಟಿಯೂ ಅಡಗಿದೆ. ಗಾಯಕನು ಮೇಲು, ವಾದಕನು ಕೀಳು ಎಂಬ ತಾರತಮ್ಯಕ್ಕೆ ಅಲ್ಲಿ ಎಡೆಯಿರಲಿಲ್ಲ.

ಮೂರನೆಯದು, ಕಲಿತವನು ಕಲಿಸಬೇಕೆಂಬ ನಿಯಮ. ಆಶ್ರಮದಿಂದ ಹೊರಬಿದ್ದವರಲ್ಲಿ ಕಛೇರಿ ಕಲಾವಿದರಾಗಿ ಕೀರ್ತಿ ಪಡೆದವರು ಕೆಲವರಾದರೆ, ಊರೂರುಗಳಲ್ಲಿ ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ, ಪುರಾಣ ಪ್ರವಚನಗಳ ಹಿಮ್ಮೇಳದವರಾಗಿ ಬಾಳಿದವರು ಬಹುಮಂದಿ. ಶ್ರಾವಣ ಮಾಸದಲ್ಲಿ ಮಠಗಳಲ್ಲಿ ನಡೆಯುವ ಪುರಾಣಕ್ಕೆ ಗವಾಯಿ, ತಬಲಾವಾದಕರು ಬೇಕೇ ಬೇಕು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಂತಹ ಊರುಗಳಲ್ಲಿ ಶಾಸ್ತ್ರೀಯ ಸಂಗೀತವು ಮನೆಮಾತಾದುದು ದೊಡ್ಡ ಕಛೇರಿಗಳಿಂದಲ್ಲ. ಇಂತಹ ಸಾಮಾನ್ಯ ಶಿಕ್ಷಕರ ನಿತ್ಯದ ದುಡಿಮೆಯಿಂದ. ಸಂಗೀತ ಶಿಕ್ಷಕನ ವೃತ್ತಿಯೆಂದರೆ ಪಾಠ, ಪುರಾಣ, ನಾಟಕ, ಮದುವೆ, ಜಾತ್ರೆ ಇವೆಲ್ಲವನ್ನು ಕೂಡಿಸಿಕೊಂಡ ಬಾಳು. ಅದನ್ನು ಕಛೇರಿಯ ಅಳತೆಗೋಲಿನಿಂದ ಅಳೆಯುವುದು ತರವಲ್ಲ.

6. ಗದಗದಿಂದ ರಾಯಚೂರಿಗೆ

ಕಲಿತವನು ಕಲಿಸಬೇಕೆಂಬ ಈ ನಿಯಮವು ಗದಗದ ವಿದ್ಯೆಯನ್ನು ಪೂರ್ವದ ಸೀಮೆಗೂ ಒಯ್ದಿತು. ರಾಯಚೂರು ಜಿಲ್ಲೆಯು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕನ್ನಡ, ತೆಲುಗು, ಉರ್ದುಗಳು ಬೆರೆತ ಆ ಪ್ರದೇಶದಲ್ಲಿ ಕರ್ನಾಟಕ ಮತ್ತು ಹಿಂದುಸ್ತಾನಿ ಪದ್ಧತಿಗಳೆರಡಕ್ಕೂ ಕೇಳುಗರಿದ್ದರು. ಆ ಜಿಲ್ಲೆಯ ಜಂಬಲದಿನ್ನಿ ಗ್ರಾಮದವರಾದ ಸಿದ್ಧರಾಮ ಅವರು ಪಂಚಾಕ್ಷರ ಗವಾಯಿಗಳ ಶಿಷ್ಯವರ್ಗಕ್ಕೆ ಸೇರಿದವರು. ಖ್ಯಾಲ್ ಗಾಯನದೊಂದಿಗೆ ವಚನಗಾಯನದಲ್ಲಿ ಅವರು ವಿಶೇಷ ಪ್ರಸಿದ್ಧಿ ಪಡೆದರು. ರಾಯಚೂರಿನ ರಂಗಮಂದಿರವು ಇಂದು ಅವರ ಹೆಸರನ್ನು ಹೊತ್ತಿದೆ.

ವಚನಗಾಯನದ ಸಂಗತಿಯನ್ನು ಇಲ್ಲಿ ಗಮನಿಸಬೇಕು. ವಚನಕ್ಕೆ ಹಾಡಿನಂತೆ ಗೊತ್ತಾದ ಛಂದಸ್ಸಿಲ್ಲ, ಪಲ್ಲವಿ-ಚರಣಗಳ ವಿಭಾಗವಿಲ್ಲ. ಮಾತಿನ ಏರಿಳಿತವನ್ನೇ ಹಿಡಿದು, ಅದಕ್ಕೆ ಒಪ್ಪುವ ರಾಗವನ್ನು ಆರಿಸಿ, ಉಸಿರಿನ ನಿಲುಗಡೆಯನ್ನು ಅರ್ಥಕ್ಕೆ ಹೊಂದಿಸಿ ಹಾಡಬೇಕು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ತಡೆಯಬೇಕು ಎಂಬ ವಿವೇಕವೇ ಅದರ ಪ್ರಾಣ. ಸುಷಿರವಾದ್ಯದವನಿಗೂ ಇದೇ ಮೊದಲ ಪಾಠ. ವಾದ್ಯವು ಮಾತನ್ನು ಉಚ್ಚರಿಸಲಾರದು. ಆದರೆ ಮಾತಿನ ಉಸಿರನ್ನು ಹಿಡಿಯಬಲ್ಲದು.

ಇಂತಹ ಗಾಯಕ ಗುರುವಿನ ಬಳಿಗೆ ಬಂದವರು ನರಸಿಂಹಲು ವಡವಾಟಿ. ಅವರು 1942ರಲ್ಲಿ ರಾಯಚೂರು ಸೀಮೆಯ ವಡವಾಟಿ ಗ್ರಾಮದಲ್ಲಿ ಜನಿಸಿದರು. ಅವರು ಹಿಡಿದ ವಾದ್ಯ ಕ್ಲಾರಿಯೋನೆಟ್. ಪಡೆದ ಶಿಕ್ಷಣ ಗಾಯಕಿಯದು. ದೀರ್ಘಕಾಲದ ಗುರುಸೇವೆ ಮತ್ತು ಸಾಧನೆಯಿಂದ ಕ್ಲಾರಿಯೋನೆಟ್ಟನ್ನು ಹಿಂದುಸ್ತಾನಿ ಶಾಸ್ತ್ರೀಯ ಸಂಗೀತದ ಸ್ವತಂತ್ರ ಕಛೇರಿ ವಾದ್ಯವಾಗಿ ನಾಡಿನ ವೇದಿಕೆಗಳಲ್ಲಿ ನಿಲ್ಲಿಸಿದರು. ರಾಯಚೂರನ್ನೇ ನೆಲೆಯಾಗಿಸಿಕೊಂಡು ಶಿಷ್ಯರನ್ನು ಸಿದ್ಧಪಡಿಸಿದರು. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದರು. ಬ್ಯಾಂಡಿನ ವಾದ್ಯವೆಂದು ಪರಿಗಣಿತವಾಗಿದ್ದ ಕ್ಲಾರಿಯೋನೆಟ್ಟಿನ ವಾದಕರೊಬ್ಬರು ರಾಜ್ಯದ ಸಂಗೀತ ಅಕಾಡೆಮಿಯ ಅಧ್ಯಕ್ಷ ಪೀಠಕ್ಕೆ ಬಂದುದು ಆ ವಾದ್ಯದ ಸಾಮಾಜಿಕ ಇತಿಹಾಸದಲ್ಲಿ ಗಮನಾರ್ಹ ಘಟನೆಯಾಗಿದೆ.

ಕ್ಲಾರಿಯೋನೆಟ್ಟಿನ ಮಿತಿಗಳನ್ನು ಮೇಲೆ ಹೇಳಿದೆ. ಗಾಯಕಿಯ ಶಿಕ್ಷಣ ದೊರೆತಾಗ ಅದರ ಗುಣಗಳೂ ತೆರೆದುಕೊಳ್ಳುತ್ತವೆ. ಅದರ ಒಟ್ಟು ವ್ಯಾಪ್ತಿ ಮೂರು ಸಪ್ತಕಗಳಿಗೂ ಮಿಕ್ಕಿದ್ದು. ಮಂದ್ರದಲ್ಲಿ ಅದರ ನಾದ ತುಂಬಿಕೊಂಡು, ಗಂಭೀರವಾಗಿ ಹೊಮ್ಮುತ್ತದೆ. ಖ್ಯಾಲಿನ ವಿಲಂಬಿತ ಬಢತ್‌ನಲ್ಲಿ ರಾಗವನ್ನು ಮಂದ್ರದಿಂದ ಆರಂಭಿಸಿ, ಸ್ವರದಿಂದ ಸ್ವರಕ್ಕೆ ಏರುತ್ತ, ತಾರ ಷಡ್ಜಕ್ಕೆ ತಲುಪುವ ಕ್ರಮವುಂಟು. ಅಬ್ದುಲ್ ವಹೀದ್ ಖಾನರ ಗಾಯನವು ಹೆಸರಾದುದೇ ಈ ನಿಧಾನದ ವಿಸ್ತಾರಕ್ಕೆ. ಅವರಿಂದ ಪಂಚಾಕ್ಷರ ಗವಾಯಿಗಳು ಪಾಠ ಪಡೆದುದನ್ನು ನೆನೆದರೆ, ಸ್ವರವನ್ನು ದೀರ್ಘವಾಗಿ ನಿಲ್ಲಿಸಬಲ್ಲ ಸುಷಿರವಾದ್ಯಕ್ಕೂ ಗದಗದ ಗಾಯನಕ್ರಮಕ್ಕೂ ಇರುವ ಹೊಂದಾಣಿಕೆ ಆಕಸ್ಮಿಕವಲ್ಲವೆಂದು ತೋರುತ್ತದೆ.

7. ತುಲನೆ

ಇದೇ ಶತಮಾನದಲ್ಲಿ ಇತರ ಸುಷಿರವಾದ್ಯಗಳು ಕಂಡ ಏಳಿಗೆಯೊಡನೆ ಹೋಲಿಸಿದರೆ ಮೇಲಿನ ವಿಚಾರವು ಇನ್ನಷ್ಟು ಸ್ಪಷ್ಟವಾಗುತ್ತದೆ. ಬಿಸ್ಮಿಲ್ಲಾ ಖಾನರು (1916-2006) ಶಹನಾಯಿಯನ್ನು ಮಂಗಳವಾದ್ಯದ ಸ್ಥಾನದಿಂದ ಕಛೇರಿಗೆ ತಂದರು. ಪನ್ನಾಲಾಲ್ ಘೋಷರು (1911-1960) ಉದ್ದನೆಯ ಬಾನ್ಸುರಿಯನ್ನು ರೂಪಿಸಿ ಅದಕ್ಕೆ ಗಾಯಕಿಯ ಗಾಂಭೀರ್ಯ ತಂದುಕೊಟ್ಟರು. ದಕ್ಷಿಣದಲ್ಲಿ ಎ.ಕೆ.ಸಿ. ನಟರಾಜನ್ ಅವರು ಕ್ಲಾರಿಯೋನೆಟ್ಟಿಗೆ ಕರ್ನಾಟಕ ಸಂಗೀತದ ಪೂರ್ಣ ಕಛೇರಿಯ ಮನ್ನಣೆ ದೊರಕಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ನಮ್ಮ ಕರಾವಳಿಯ ಕದ್ರಿ ಗೋಪಾಲನಾಥರು (1949-2019) ಸ್ಯಾಕ್ಸೋಫೋನಿನಲ್ಲಿ ಇದನ್ನೇ ಸಾಧಿಸಿದರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕೇಳಿ ಆಕರ್ಷಿತರಾದ ಅವರು ನಾಗಸ್ವರದ ಮನೆತನದಿಂದ ಬಂದವರು.

ಪನ್ನಾಲಾಲ್ ಘೋಷರು ವಾದ್ಯದ ಆಕಾರವನ್ನೇ ಬದಲಿಸಿದರು. ಗೋಪಾಲನಾಥರು ಮನೆತನದ ನಾಗಸ್ವರದ ಬಾನಿಯನ್ನು ಹೊಸ ವಾದ್ಯಕ್ಕೆ ಕೊಂಡೊಯ್ದರು; ಶಂಕುವಿನಾಕಾರದ ಸ್ಯಾಕ್ಸೋಫೋನು ಸಪ್ತಕಕ್ಕೆ ಸಪ್ತಕ ನುಡಿಯುವುದರಿಂದ ಬೆರಳಿನ ತೊಡಕೂ ಅಲ್ಲಿ ಕಡಿಮೆ. ಹಿಂದುಸ್ತಾನಿ ಕ್ಲಾರಿಯೋನೆಟ್ 20ನೆಯ ಶತಮಾನದ ನಡುವಿನಲ್ಲಿ ಉತ್ತರ ಕರ್ನಾಟಕದಲ್ಲಿ ಕಾಲಿಟ್ಟಾಗ ಅದರ ಬೆನ್ನಿಗೆ ಅಂತಹ ವಾದ್ಯ ಘರಾಣೆಯಿರಲಿಲ್ಲ. ಅದಕ್ಕೆ ಆಧಾರವಾಗಿ ದೊರೆತುದು ಗಾಯಕರ ಪಾಠ. ಈ ಕಾರಣದಿಂದಲೇ ವಡವಾಟಿಯವರ ಸಾಧನೆಯನ್ನು ಒಬ್ಬ ವ್ಯಕ್ತಿಯ ಪ್ರತಿಭೆಯೆಂದು ಮಾತ್ರ ಕಾಣದೆ, ಒಂದು ಬೋಧನಕ್ರಮದ ಸಫಲತೆಯೆಂದೂ ಕಾಣಬೇಕಾಗಿದೆ.

8. ಉಪಸಂಹಾರ

ಮೇಲಿನ ವಿವೇಚನೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು. ಗದಗ ಸೀಮೆಯ ಸಂಗೀತ ಪಾಠಪರಂಪರೆಯು ಅಂಧರಿಗಾಗಿ, ಬಡವರಿಗಾಗಿ, ಅಂಧ ಗುರುಗಳಿಂದ ರೂಪುಗೊಂಡುದು. ಕಣ್ಣಿನ ನೆರವಿಲ್ಲದೆ ಕಿವಿ ಮತ್ತು ಕಂಠಗಳನ್ನೇ ನೆಚ್ಚಿದ ಅದು ಯಾವುದೇ ವಾದ್ಯಕ್ಕೂ ಒಗ್ಗಬಲ್ಲ ಗುಣವನ್ನು ಪಡೆಯಿತು. ಮಠದ ದಾಸೋಹ ಮತ್ತು ನಾಟಕದ ಗಲ್ಲಾಪೆಟ್ಟಿಗೆಗಳೆರಡೂ ಅದನ್ನು ಪೋಷಿಸಿದವು. ಆಡಳಿತದ ಗಡಿಗಳನ್ನು ದಾಟಿ ಅದು ಜಂಬಲದಿನ್ನಿಯವರ ಮೂಲಕ ರಾಯಚೂರನ್ನು ತಲುಪಿ, ವಡವಾಟಿಯವರ ಕ್ಲಾರಿಯೋನೆಟ್ಟಿನಲ್ಲಿ ಹೊಸ ರೂಪ ತಾಳಿತು.

ಇದರಿಂದ ನಮ್ಮ ಸಂಶೋಧನೆಯ ರೀತಿಗೂ ಒಂದು ಪಾಠವಿದೆ. ಘರಾಣೆಗಳ ವಂಶವೃಕ್ಷಗಳನ್ನು ಬರೆಯುವಾಗ ಗಾಯಕರ ಕೊಂಬೆಗಳನ್ನಷ್ಟೇ ಎಳೆದು, ವಾದಕರನ್ನು ಹಿಮ್ಮೇಳವೆಂದು ಬದಿಗಿರಿಸುವ ರೂಢಿಯಿದೆ. ಗದಗ-ಬೆಟಗೇರಿಯ ಬೀದಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಜಾತ್ರೆಗಳಲ್ಲಿ ನುಡಿಸಿದ ಕ್ಲಾರಿಯೋನೆಟ್, ಸನಾದಿ ವಾದಕರ ಮನೆತನಗಳು, ಅವರು ಹೇಳಿಕೊಟ್ಟ ಪಾಠ, ನಾಟಕ ಕಂಪನಿಗಳಲ್ಲಿ ಅವರು ಪಡೆದ ಸಂಬಳ, ಅವರ ವಾದ್ಯಗಳ ದುರಸ್ತಿ ಮಾಡುತ್ತಿದ್ದ ಕುಶಲಕರ್ಮಿಗಳು ಇವೆಲ್ಲವೂ ಸಂಗೀತದ ಇತಿಹಾಸದ ಸಾಮಗ್ರಿಯೇ ಆಗಿವೆ. ಹಿರಿಯ ವಾದಕರ ನೆನಪುಗಳನ್ನು ಅವರು ಬದುಕಿರುವಾಗಲೇ ದಾಖಲಿಸಿಕೊಳ್ಳುವುದು, ಮಠಗಳ ಮತ್ತು ನಾಟಕ ಕಂಪನಿಗಳ ಲೆಕ್ಕಪುಸ್ತಕಗಳನ್ನು ಪರಿಶೀಲಿಸುವುದು, ಆಕಾಶವಾಣಿಯ ಧಾರವಾಡ ಕೇಂದ್ರವು 1950ರಲ್ಲಿ ಆರಂಭವಾದಂದಿನಿಂದ ಅಲ್ಲಿ ನುಡಿಸಿದ ಸುಷಿರವಾದಕರ ಪಟ್ಟಿಯನ್ನು ಸಿದ್ಧಪಡಿಸುವುದು ಕೂಡಲೇ ಆಗಬೇಕಾದ ಕಾರ್ಯಗಳು.

ವಡವಾಟಿಯವರ ಬಳಿಕವೂ ಕ್ಲಾರಿಯೋನೆಟ್ ಈ ನಾಡಿನಲ್ಲಿ ಖ್ಯಾಲನ್ನು ನುಡಿಸುತ್ತಿರಬೇಕಾದರೆ ವಾದ್ಯವನ್ನು ಒದಗಿಸಿದರೆ ಸಾಲದು; ವಾದಕನಿಗೆ ಹಾಡಲು ಕಲಿಸುವ ಗುರುವೂ ಬೇಕು. ಅಂತಹ ಗುರುವಿಗೆ ಬಾಳುವೆಯ ಭದ್ರತೆಯೂ ಬೇಕು. ಹಿಂದೆ ಜೋಳಿಗೆ ಮತ್ತು ನಾಟಕಗಳು ನಿರ್ವಹಿಸಿದ ಈ ಹೊಣೆಯನ್ನು ಇಂದು ಶಾಲೆ, ವಿಶ್ವವಿದ್ಯಾಲಯ, ಅಕಾಡೆಮಿಗಳು ಹೊರಬೇಕಾಗಿದೆ. ಸಂಗೀತ ಶಿಕ್ಷಕನ ಸ್ಥಾನವನ್ನು ಭದ್ರಪಡಿಸುವುದೇ ಪಂಚಾಕ್ಷರ ಗವಾಯಿಗಳ ಸಂಚಾರಿ ಪಾಠಶಾಲೆಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.